ಒಳಗಿನ ಪಾತ್ರೆ

ಆ ಮನೆಯಲ್ಲಿ ದಿನವೂ ಎರಡು ಪಾತ್ರೆ ಒಲೆ ಏರುತ್ತಿದ್ದವು. ಹೊರಗಿನ ಪಾತ್ರೆ ಗಂಡಸರದು. ಅದರಲ್ಲಿ ಒಳ್ಳೆಯ ಬೇಳೆ. ಒಳಗಿನ ಪಾತ್ರೆ ಹೆಂಗಸರದು. ಅದರಲ್ಲಿ ಕೇಸರಿ ಬೇಳೆ. ಆ ಮನೆಯ ಇಬ್ಬರು ಸೊಸೆಯರ ಮಾವನ ದಿನಸಿ ಅಂಗಡಿಯಲ್ಲಿ ದನಕ್ಕೆಂದು ಹಿಂದೆ ಒತ್ತರಿಸಿಟ್ಟ ಮೂಟೆಯ ಮಾಲು ಅದು. ಇದನ್ನು ಅನ್ಯಾಯ ಎಂದವರು ಯಾರೂ ಇಲ್ಲ. ಹಲ್ಲುಜ್ಜಿದಷ್ಟು ಸಹಜವಾಗಿ ನಡೆದುಬಂದಿತ್ತು.

ನಾನು ಆ ಬೀದಿಯ ದಾದಿ. ಮಗುವಿನ ತೂಕ ನೋಡುವುದು, ಸೂಜಿ ಚುಚ್ಚುವುದು, ಹೇಳಿದ್ದನ್ನೇ ಹೇಳುವುದು ನನ್ನ ಕೆಲಸ. ಆ ಕೊನೆಯದರಿಂದ ನನಗೆ ಸಾಕುಸಾಕಾಗಿದೆ.

ಹಿರಿಸೊಸೆ ಮದುವೆಯಾಗಿ ಬಂದಾಗ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದವಳು. ಹೆರಿಗೆಯಾದ ಮೇಲೆ ಮೊಣಕಾಲು ಬಿಗಿಯಿತು. ನಡೆದರೆ ಕಾಲುಗಳು ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡ ಬಂದವು. ಆಮೇಲೆ ಕೋಲು ಬಂತು. "ಹೆತ್ತ ಕಾಲು, ಸೋಲುತ್ತೆ" ಎಂದರು ಅತ್ತೆ. ಬೇಳೆ ಬೇಯಿಸಿದ ನೀರನ್ನು ಲೋಟಕ್ಕೆ ಬಸಿದು, ಪ್ರೀತಿಯಿಂದಲೇ ಕುಡಿಸಿದರು. ಆ ಮನೆಯಲ್ಲಿ ಅದಕ್ಕೆ 'ಶಕ್ತಿನೀರು' ಎಂದು ಹೆಸರು. ಕಾಲು ಸೋತಷ್ಟೂ ಲೋಟ ದೊಡ್ಡದಾಯಿತು. ಈಗ ಅವಳು ಕೈಯೂರಿ ನೆಲದ ಮೇಲೆ ತೆವಳುತ್ತಾಳೆ.

ಕಿರಿಸೊಸೆಯ ಹಸುಗೂಸನ್ನು ತೂಗಲು ಹೋದ ದಿನ ಅವಳು ಹೊಸ್ತಿಲು ಎಡವಿದಳು. ಮಗು ಕೈಜಾರುವುದರಲ್ಲಿತ್ತು, ನಾನು ಹಿಡಿದುಕೊಂಡೆ. ಅವಳ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಹಿರಿಸೊಸೆಯ ದಾರಿಯೇ ಇವಳದೂ.

"ಅಮ್ಮ, ಆ ಬೇಳೆ ನಿಲ್ಸಿ," ಎಂದೆ ಅತ್ತೆಗೆ. "ಪ್ರೋಟೀನು ಅನ್ನೋದು ಅಮೈನೋ ಆಮ್ಲ ಅನ್ನೋ ಚೂರುಗಳಿಂದ ಆಗಿರುತ್ತೆ. ಅವು ನಮಗೆ ಬೇಕಾದವೇ. ಆದ್ರೆ ಈ ಬೇಳೇಲಿ ಅದೇ ಜಾತಿದು ಇನ್ನೊಂದಿದೆ, ಅದು ವಿಷ. ದಿನಾ ಇದನ್ನೇ ತಿಂದ್ರೆ ಕಾಲು ಆಡಿಸೋ ನರಗಳನ್ನ ಕೊಲ್ಲುತ್ತೆ. ಬೇಯಿಸಿದಾಗ ಅದು ನೀರಿಗೆ ಇಳಿಯುತ್ತೆ. ನೀವು ಆ ನೀರನ್ನೇ ಕುಡಿಸ್ತಿದ್ದೀರಿ."

"ನಮ್ಮತ್ತೆ ತಿಂದ್ರು, ನಾನೂ ತಿಂದೆ. ನನಗೇನಾಗಿದೆ ಸಿಸ್ಟರಮ್ಮ?" ಎನ್ನುತ್ತಾ ಅತ್ತೆ ಗೋಡೆ ಹಿಡಿದು ಎದ್ದರು.

"ಗೋಡೆ ಬಿಟ್ಟು ಎದ್ದೇಳಿ, ನೋಡೋಣ."

"ವಯಸ್ಸಾಯ್ತಲ್ಲ! ಓದಿದೋರಿಗೆ ಊಟದಲ್ಲೂ ರೋಗವೇ ಕಾಣ್ಸುತ್ತೆ."

ಮಾವ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಊಟಕ್ಕೆ ಕೂತಿದ್ದರು. "ನಾವು ಹೊರಗೆ ದುಡಿಯೋರು. ಒಳಗೆ ಕೂತೋರಿಗೆ ಯಾವ ಬೇಳೆಯಾದ್ರೇನು?" ಎಂದರು. ಮಕ್ಕಳಿಬ್ಬರೂ ತಟ್ಟೆಗೆ ಬಗ್ಗಿ ಉಣ್ಣುತ್ತಲೇ ಇದ್ದರು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು ಎಂದುಕೊಂಡು ನಾನು ಚೀಲ ಎತ್ತಿಕೊಂಡೆ.

ಆಗ ಅಡುಗೆಮನೆಯಿಂದ ಪಾತ್ರೆ ನೆಲಕ್ಕೆ ಉಜ್ಜುವ ಸದ್ದು ಬಂತು. ಹಿರಿಸೊಸೆ ಒಳಗಿನ ಪಾತ್ರೆಯನ್ನು ಮುಂದೆ ತಳ್ಳಿಕೊಂಡು, ಅದರ ಹಿಂದೆ ತೆವಳುತ್ತಾ ಬಂದಳು. ಮಾವನ ತಟ್ಟೆಗೆ ಒಂದು ಸೌಟು ಬಡಿಸಿದಳು, ಗಂಡನಿಗೊಂದು, ಮೈದುನನಿಗೊಂದು.

"ಏನೇ ಇದು?" ಎಂದರು ಅತ್ತೆ.

"ಇದ್ರಿಂದ ಶಕ್ತಿ ಬರುತ್ತೆ ಅಂತಿದ್ರಲ್ಲ ಅತ್ತೆ. ದುಡಿಯೋರು ಇವ್ರು. ಇವ್ರಿಗೂ ಬರಲಿ."

ಅವಳ ಗಂಡ ಹೆಂಡತಿಯ ಮುಖ ನೋಡಿದ. ಏನನ್ನಿಸಿತೋ, ತುತ್ತು ಕಲಸಿ ಬಾಯಿಗೆ ಎತ್ತಿದ.

"ಬೇಡ ಕಣೋ!" ಅತ್ತೆ ಗೋಡೆ ಬಿಟ್ಟು ಮುಗ್ಗರಿಸುತ್ತಾ ಬಂದು ಮಗನ ಕೈಗೆ ಹೊಡೆದರು. ತುತ್ತು ನೆಲಕ್ಕೆ ಬಿತ್ತು.

ಅತ್ತೆ ನೆಲದ ಮೇಲಿನ ತುತ್ತನ್ನು ನೋಡಿದರು, ಸೊಸೆಯ ಕಾಲುಗಳನ್ನು ನೋಡಿದರು. "ನನಗೆ ಗೊತ್ತಿರ್ಲಿಲ್ಲ ಕಣೇ" ಎಂದರು.

"ಈಗ ಗೊತ್ತಾಯ್ತಲ್ಲ," ಎಂದಳು ಹಿರಿಸೊಸೆ, ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಓರಗಿತ್ತಿಯನ್ನು ತೋರಿಸುತ್ತಾ. "ಇನ್ನು ಇದನ್ನ ತಿನ್ನೋಕೆ ಹೋದ್ರೆ ಇವಳ ಕೈಗೂ ಹೊಡೀರಿ."

ಆ ಮನೆಯಲ್ಲಿ ಈಗ ಒಂದೇ ಪಾತ್ರೆ, ಒಳ್ಳೆಯ ಬೇಳೆಯದು. ಕಿರಿಸೊಸೆ ಕುಂಟುತ್ತಾಳೆ, ಆದರೆ ನಡೆಯುತ್ತಾಳೆ. ಹಿರಿಸೊಸೆಗೆ ಕಾಲು ಬರಲಿಲ್ಲ, ಬರುವುದೂ ಇಲ್ಲ. ಓದುತ್ತಿರುವ ತಾಯಂದಿರೇ, ನನಗೆ ದಣಿವಾಗಿದೆ. ಅವರ ಪಕ್ಕದ ಮನೆಯಲ್ಲೂ ಎರಡು ಪಾತ್ರೆ ಇವೆಯಂತೆ, ನಾಳೆ ಅಲ್ಲಿಗೆ ಹೋಗಬೇಕು. ನಿಮ್ಮ ಒಲೆಯ ಮೇಲೆ ಎಷ್ಟಿವೆ ಎಂದು ನೀವೇ ಎದ್ದು ಹೋಗಿ ನೋಡಿ.