ಹೆಜ್ಜೆಯ ಮೇಲೊಂದು ಹೂವು

ಅರವತ್ತೆರಡು ವರ್ಷದ ಬಾಳಿನಲ್ಲಿ ಅಪ್ಪಾಸಾಹೇಬ ಒಮ್ಮೆಯೂ ರಂಗೋಲಿ ಡಬ್ಬಿ ಮುಟ್ಟಿದವನಲ್ಲ. ಈಗ ಬೆಳ್ಳಂಬೆಳಿಗ್ಗೆ ತನ್ನ ಹೊಲದ ಕೆರೆಯಂಚಿನಲ್ಲಿ ಮಂಡಿಯೂರಿ, ಬೆರಳ ಸಂದಿಯಿಂದ ಬಿಳಿ ಪುಡಿ ಬಿಡುತ್ತ ಹೂವು ಬಿಡಿಸುತ್ತಿದ್ದ. ಎಸಳುಗಳೆಲ್ಲ ಸೊಟ್ಟಪಟ್ಟ. ಆ ಹೂವಿನ ಅಡಿಯಲ್ಲಿ ಒಂದು ಹೆಜ್ಜೆಯಿತ್ತು. ಅಂಗೈಯಗಲದ್ದು, ನಾಲ್ಕು ಬೆರಳು, ಉಗುರಿನ ಗುರುತೇ ಇಲ್ಲ. ನಾಯಿಯ ಹೆಜ್ಜೆಯಾದರೆ ಉಗುರು ಮೂಡುತ್ತದೆಂಬುದನ್ನು ಬೆಳಗಾವಿ ಕಡೆ ಹುಟ್ಟಿದ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಟೈಲ್ಸ್ ಅಂಗಡಿ ನಡೆಸಿ, ಊರಾಚೆ ಹತ್ತು ಎಕರೆ ಕೊಂಡು, ಹೋದ ವರ್ಷವಷ್ಟೇ ಅಲ್ಲಿಗೆ ಶಿಫ್ಟ್ ಆಗಿದ್ದ. ಬರುವ ಭಾನುವಾರ ಹ್ಯೂಸ್ಟನ್ನಿನ ಅರವತ್ತು ಕನ್ನಡದ ಮನೆಗಳಿಗೆ ಈ ಕೆರೆ ದಂಡೆಯಲ್ಲಿ ರೊಟ್ಟಿ ಊಟ. ಅವನ ಎಷ್ಟೋ ವರ್ಷದ ಆಸೆ ಅದು. ಸೋಮವಾರ ಹೆಂಡತಿ ನಿಂಗವ್ವ ಅದೇ ದಂಡೆಯಲ್ಲಿ ಕೂಗರ್ ಕಂಡೆನೆಂದಳು. ಒಣಹುಲ್ಲಿನ ಬಣ್ಣದ ದೊಡ್ಡ ಕಾಡುಬೆಕ್ಕು, ನೆಲ ಗುಡಿಸುವಷ್ಟು ಉದ್ದ ಬಾಲ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಂಗಸಲ್ಲ ಅವಳು. ಸಂಜೆಯೊಳಗೆ ಅರವತ್ತು ಮನೆಗೂ ಸುದ್ದಿ ಮುಟ್ಟಿತು.

ಅರ್ಧ ಮಂದಿ ಹೆದರಿದರು, ಅರ್ಧ ಮಂದಿ ನಕ್ಕರು. ವಾಟ್ಸಾಪ್ ಗುಂಪಿನಲ್ಲಿ ಬೆಕ್ಕಿನ ಮರಿಗಳ ಫೋಟೋ ಸುರಿದವು. ಅದೇ ಗುಂಪಿನ, ಮಿಸೌರಿ ಸಿಟಿಯ ಕುಮುದಾ ಫೋನ್ ಮಾಡಿ, "ಆಂಟಿ, ಮೊದ್ಲು ಕಣ್ಣು ಚೆಕ್ ಮಾಡಿಸ್ಕೊಳ್ಳಿ" ಅಂದಳು. ಊಟ ತಪ್ಪಿಹೋದೀತೆಂದು ಅಪ್ಪಾಸಾಹೇಬನೂ ಎಲ್ಲರಿಗೂ ಅದನ್ನೇ ಹೇಳಿದ. "ಆಕೀಗೆ ಕಣ್ಣು ಮಂಜ್ರಿ. ಬಾಜೂ ಮನಿ ನಾಯಿ ನೋಡ್ಯಾಳ. ನೀವು ಬರ್ರಿ." ಅವನು ನಂಬಿದ್ದೂ ಹಾಗೆಯೇ, ಈ ಬೆಳಗಿನ ತನಕ.

ನಿಂಗವ್ವ ಜಗಳಾಡಲಿಲ್ಲ. ವನ್ಯಜೀವಿ ಇಲಾಖೆಗೆ ತಾನೇ ಫೋನ್ ಮಾಡಿದಳು. ನಿನ್ನೆ ಸಂಜೆ ಪ್ರಾಣಿ ನೀರಿಗಿಳಿಯುವ ಕಡೆ ಎರಡು ಡಬ್ಬಿ ಕೆಂಪು ರಂಗೋಲಿ ಪುಡಿ ತೆಳ್ಳಗೆ ಹರವಿ, "ಬಂದ್ರ ಹೆಜ್ಜಿ ಬೀಳ್ತೈತಿ, ಆವಾಗ ಗೊತ್ತಾಗ್ತೈತಿ" ಅಂದು ಒಳಗೆ ಹೋಗಿದ್ದಳು. ಬಿದ್ದೇ ಬಿಟ್ಟಿತ್ತು. ಗುಡಿಸಿದರೆ ಅವಳಿಗೆ ಗೊತ್ತಾಗುತ್ತದೆ. ಹೂವಾದರೆ ಯಾರಿಗೇನು ಗೊತ್ತಾದೀತು ಎಂಬುದು ಅಪ್ಪಾಸಾಹೇಬನ ಘನಂದಾರಿ ಉಪಾಯ.

ಒಂಬತ್ತಕ್ಕೆ ಇಲಾಖೆಯ ಅಧಿಕಾರಿ ಬಂದಳು. ಅಗಲ ಟೋಪಿಯ ಚಿಕ್ಕ ವಯಸ್ಸಿನ ಹುಡುಗಿ. ನಿಂಗವ್ವ ದಂಡೆಗೆ ಕರೆದೊಯ್ದು, ಹೂವು ನೋಡಿ ನಿಂತುಬಿಟ್ಟಳು.

"ಇದು ನಾ ಹಾಕಿದ್ದಲ್ಲ," ಅಂದಳು.

ಬಲು ಚೆಂದದ ಹೂವು ಎಂದು ಮೆಚ್ಚಿ, ನೂರು ಕರೆ ಬಂದರೆ ತೊಂಬತ್ತೊಂಬತ್ತು ನಾಯಿಯೇ ಇರುತ್ತವೆ, ವಯಸ್ಸಾದ ಮೇಲೆ ಹೀಗಾಗುತ್ತದೆ, ಬೇಸರ ಬೇಡ ಎಂದು ಹುಡುಗಿ ಮೆತ್ತಗೆ ಹೇಳಿದಳು. ನಿಂಗವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಇರಬೇಕು ಬಿಡ್ರಿ. ನಾಯಿನ ಇರಬೇಕು," ಎಂದು ಗಂಡನಿಗೆ ಹೇಳಿದಳು.

ಮೂವತ್ತೈದು ವರ್ಷದ ಸಂಸಾರದಲ್ಲಿ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡವಳಲ್ಲ ಅವಳು. ಸುಡುಗಾಡು ರೊಟ್ಟಿ ಊಟ, ಯಾರಿಗೆ ಬೇಕು ಅನಿಸಿತು ಅಪ್ಪಾಸಾಹೇಬನಿಗೆ.

"ನಾಯಿ ಅಲ್ಲ ಅದು," ಎಂದವನೇ ನೆಲಕ್ಕೆ ಕೂತು ಉಫ್ ಎಂದು ಊದಿದ. ಪುಡಿ ಹಾರಿ ಮೀಸೆ ಬೆಳ್ಳಗಾಯಿತು. ಹಸಿಮಣ್ಣಿನಲ್ಲಿ ಹೆಜ್ಜೆ ಅಚ್ಚೊತ್ತಿದಂತೆ ಉಳಿದಿತ್ತು. "ಹೂವು ಹಾಕಿ ಮುಚ್ಚಿದಾಂವ ನಾನು."

ಹುಡುಗಿ ಟೇಪು ಹಿಡಿದು ಅಳೆದಳು. ಮತ್ತೊಮ್ಮೆ ಅಳೆದಳು. ಟೋಪಿ ತೆಗೆದು ಫೋಟೋ ಹೊಡೆದುಕೊಂಡು, ಸದ್ಯಕ್ಕೆ ಮಕ್ಕಳನ್ನು ನೀರಿನ ಕಡೆ ಬಿಡಬೇಡಿ ಅಂದಳು. ನಿಂಗವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಅನಿಸಿತು ಅವನಿಗೆ.

ಅಲ್ಲಿಯೇ ನಿಂತು ಫೋನ್ ತೆಗೆದು ಗುಂಪಿಗೆ ದನಿ ಸಂದೇಶ ಕಳಿಸಿದ. "ನಮ್ಮನಿಯಾಕಿ ನೋಡಿದ್ದು ಖರೇನ ಐತ್ರಿ. ಹೆಜ್ಜಿ ಸಿಕ್ಕೈತಿ. ಅದನ್ನ ಮುಚ್ಚಾಕ ಹೋಗಿದ್ದು ನಾನು, ತಪ್ಪು ನಂದು. ಭಾನುವಾರ ಊಟ ನಮ್ಮ ಅಂಗಡಿ ಗೋಡೌನ್‌ನ್ಯಾಗ, ಎಲ್ಲಾರೂ ಬರ್ರಿ."

ನಿಮಿಷವಾಗಲಿಲ್ಲ, ನಿಂಗವ್ವನ ಫೋನ್ ರಿಂಗಾಯಿತು. ಕುಮುದಾ. ನಿಂಗವ್ವ ಅವಸರ ಮಾಡಲಿಲ್ಲ. ಕಟ್ಟೆಯ ಮೇಲೆ ಆರಾಮಾಗಿ ಕಾಲು ಚಾಚಿ ಕೂತು, ಸೋಮವಾರ ಬೆಳಿಗ್ಗೆ ಎದ್ದಲ್ಲಿಂದ ಶುರುಮಾಡಿದಳು. ಬಾಲದ ವರ್ಣನೆಗೇ ಬಹಳ ಹೊತ್ತು ಹಿಡಿಯಿತು.

"ನಂಬಿಕಿ ಬರವಲ್ದಾ? ನಮ್ಮ ಯಜಮಾನ್ರನ್ನ ಕೇಳವಾ," ಎಂದು ಫೋನನ್ನು ಅಪ್ಪಾಸಾಹೇಬನ ಕಡೆ ಚಾಚಿದಳು.