ಕ್ಯಾಂಡಿಯ ದಾರಿಯಲ್ಲಿ ಮುಯ್ಯಾಳು

ಆ ದಿನ ಬೆಳಿಗ್ಗೆ ಕ್ಯಾಂಡಿಯಲ್ಲಿ ಮಳೆ, ಬರಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿತ್ತು. ಗುಡ್ಡದ ನೆತ್ತಿಯ ಮೇಲೆ ಮೋಡ ಕೂತಿತ್ತು, ಕೆಳಗೆ ಕೆರೆಯ ನೀರಿನ ಮೇಲೆ ಬಿಸಿಲು ಬಿದ್ದಿತ್ತು, ನಡುವಿನ ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸದೆ ಸುಮ್ಮನಿತ್ತು. ಹೋಟೆಲಿನ ಅಂಗಳದಲ್ಲಿ ನಿಂತು ಸೂರ್ಯನಿಗೆ ಕೈಮುಗಿಯುತ್ತಿದ್ದ ವಿನೋದಕ್ಕನಿಗೆ, ಭಗವಂತ ಸಮುದ್ರದ ಆಚೆಗೂ ಅದೇ ಕೈಯಿಂದ ಮೋಡ ಹಂಚುತ್ತಾನೆ ಅನ್ನಿಸಿ ಮನಸ್ಸು ತಣ್ಣಗಾಯಿತು. ವೈಶಾಖದ ಕೊನೆಗೆ ಸಿದ್ದಾಪುರದ ಕಡೆಯೂ ಹೀಗೇ. ಕಣ್ಣು ಮುಚ್ಚಿಕೊಂಡೇ ಆ ದಿನದ ಬೇಡಿಕೆಯನ್ನು ಸಲ್ಲಿಸಿದಳು: ‘ಅಪ್ಪಾ, ಇದೊಂದು ದಿನ ದಾಟಿಸಿಬಿಡು. ನಾಳೆ ವಿಮಾನ.’

ಅವಳು ಬೇಡಿದ್ದು ಆರೋಗ್ಯವನ್ನಲ್ಲ, ಆಯುಷ್ಯವನ್ನೂ ಅಲ್ಲ. ಅಂಗಡಿಗಳಿಂದ ರಕ್ಷಣೆ.

ಅದಕ್ಕೊಂದು ಹಿನ್ನೆಲೆಯಿದೆ. ಮೂರು ವರ್ಷದ ಹಿಂದೆ ಕಾಠ್ಮಂಡುವಿಗೆ ಹೋದಾಗ, ಬಸ್ಸು ತಾನಾಗಿ ಹೋಗಿ ನಿಂತ ಒಂದು ದೊಡ್ಡ ಅಂಗಡಿಯಲ್ಲಿ ವಿನೋದಕ್ಕ ಕೇಸರಿ ಕೊಂಡಿದ್ದಳು. ಬೆಲೆ ಕೇಳಿದರೆ ಎದೆ ಹಾರಬೇಕು, ಅಷ್ಟು. ಮನೆಗೆ ಬಂದು ಸತ್ಯನಾರಾಯಣ ವ್ರತದ ದಿನ ಹಾಲಿಗೆ ಹಾಕಿದರೆ, ಹಾಲು ಕಣ್ಣು ಮಿಟುಕಿಸುವುದರೊಳಗೆ ಕೆಂಪಾಯಿತು, ಕೇಸರಿ ಬೆಳ್ಳಗಾಯಿತು. ಪುರೋಹಿತರು ಒಂದು ಎಳೆ ಎತ್ತಿ ನೋಡಿ, "ಇದು ಮೆಕ್ಕೆಜೋಳದ ಜುಟ್ಟು ತಂಗೀ" ಅಂದುಬಿಟ್ಟರು. ಅಂದಿನಿಂದ ಸಿದ್ದಾಪುರ ಪೇಟೆಯಲ್ಲಿ ಕಂಡವರೆಲ್ಲ "ಕೇಸರಿ ಇದ್ದಾ ವಿನೋದಕ್ಕಾ?" ಎಂದು ಕೇಳತೊಡಗಿದರು. ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಪ್ರತಿಜ್ಞೆ ಮಾಡಿದಳು. ಇನ್ನು ಯಾವ ದೇಶಕ್ಕೆ ಹೋದರೂ ಪ್ರವಾಸಿಗಳಿಗೆಂದೇ ತೆರೆದ ಅಂಗಡಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಈ ಸಲದ ಲಂಕಾ ಪ್ರವಾಸಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಿಂದ ಇಪ್ಪತ್ತೆರಡು ಮಂದಿ ಹೊರಟಿದ್ದರು, ಹೆಚ್ಚಿನವರು ಅಡಿಕೆ, ಮೆಣಸಿನ ತೋಟದವರೇ. ಕರೆದುಕೊಂಡು ಬಂದವನು ಶಿರಸಿಯ ಉಲ್ಲಾಸ. ನಲವತ್ತು ವರ್ಷದವನು. ಪರರ ಲಗೇಜು ಎಣಿಸಿ ಎಣಿಸಿಯೇ ತಲೆ ಬೋಳಾಗಿದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಪಾಪ, ವಿನೋದಕ್ಕನ ಪ್ರತಿಜ್ಞೆಯ ಸುದ್ದಿ ಅವನಿಗೆ ತಿಳಿದದ್ದು ವಿಮಾನ ಇಳಿದ ಮೇಲೆ.

ಮೊದಲ ದಿನ ರತ್ನದ ಅಂಗಡಿಯ ಮುಂದೆ ಬಸ್ಸು ನಿಂತಾಗ ಅವಳಿಗೆ ಕಾಲು ಉಳುಕಿತು. ಎರಡನೆಯ ದಿನ ಬಟ್ಟೆಯ ಅಂಗಡಿಯ ಮುಂದೆ ಅವಳು ಜಪಕ್ಕೆ ಕೂತಳು. ಮೂರನೆಯ ದಿನ ಮುಖವಾಡದ ಅಂಗಡಿಯ ಮುಂದೆ ಬಸ್ಸಿನಲ್ಲಿ ಹದಿನಾಲ್ಕು ಮಂದಿ ಜಪಕ್ಕೆ ಕೂತರು. ಜಪಸರ ಇಲ್ಲದವರು ಬೆರಳು ಮಡಚಿ ಎಣಿಸಿದರು. ದೇವರ ಹೆಸರನ್ನು ಹೀಗೆ ಬಾಗಿಲ ಚಿಲಕದಂತೆ ಬಳಸಬಹುದೇ ಎಂದು ಅವಳಿಗೂ ಒಮ್ಮೆ ಅಳುಕಿತು. ಆದರೆ ಹೆಸರು ಹೇಳಿದ್ದಂತೂ ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮನೆಗೆ ಬೇಕಾದ ಚಹಾಪುಡಿ, ಬಿಸ್ಕೀಟು, ಮೊಮ್ಮಕ್ಕಳ ಪೆಪ್ಪರಮೆಂಟು ಎಲ್ಲವನ್ನೂ ಬಸ್ಸಿನ ಡ್ರೈವರು ತನ್ನ ಮನೆಗೆ ಕೊಳ್ಳುವ ಓಣಿಯ ಅಂಗಡಿಯಲ್ಲೇ ಕೊಂಡಿದ್ದಳು. ಇದು ಅವಳೇ ಕಂಡುಹಿಡಿದ ಸೂತ್ರ, ಉಳಿದವರಿಗೂ ಧರ್ಮಾರ್ಥ ಹೇಳಿಕೊಟ್ಟಿದ್ದಳು.

ಕೊನೆಯ ದಿನ ಬಸ್ಸು ಹತ್ತುವಾಗ ಉಲ್ಲಾಸ ಅವಳನ್ನು ಬದಿಗೆ ಕರೆದ.

"ವಿನೋದಕ್ಕಾ, ಇವತ್ತು ಸಂಬಾರ ತೋಟ ತೋರ್ಸ್ತೆ. ನಿಂಗೆ ಕೈಮುಗೀತೆ, ಇವತ್ತೊಂದಿನ ಜಪ ಮಾಡಡ."

"ಸಂಬಾರ ತೋಟನಾ? ಎಂಗಕ್ಕೆ ತೋರ್ಸದಾ?"

"ಹೌದೆ. ಕಾಳ್ಮೆಣ್ಸು, ಯಾಲಕ್ಕಿ, ಜಾಯಿಕಾಯಿ..."

"ತಮಾ, ಇದು ಮೀನಿಗೆ ಹೊಳೆ ತೋರ್ಸಿದಾಂಗೆ ಆತಲಾ!"

ಪಕ್ಕದಲ್ಲಿದ್ದ ಅವಳ ಗಂಡ ನಾಗಪತಿ ಭಟ್ಟರು ಗಟ್ಟಿಯಾಗಿ ನಕ್ಕರು. ಭಟ್ಟರು ಮೃದು ಮನುಷ್ಯ. ಯಾರಾದರೂ ನಗುತ್ತ ಕೈಗೆ ಕೊಟ್ಟರೆ ಬೇಡ ಎನ್ನಲಾರರು. ಅದಕ್ಕೇ ಅವರ ಪಾಕೀಟು ಊರು ಬಿಡುವ ಮೊದಲೇ ವಿನೋದಕ್ಕನ ಚೀಲ ಸೇರಿತ್ತು.

"ಇಳಿತೆ ಮಾರಾಯ," ಅಂದಳು ವಿನೋದಕ್ಕ. "ಆದ್ರೆ ಕೊಳ್ಳದು ಮಾತ್ರ ಇಲ್ಲೆ."

ಬಸ್ಸು ಹೊರಟ ಮೇಲೆ ಅವಳು ಸೀಟಿನಿಂದ ಸೀಟಿಗೆ ಒಂದು ಗುಟ್ಟು ದಾಟಿಸಿದಳು. ತೋಟದಲ್ಲಿ ಯಾರೂ ತಮಗೆ ಮೆಣಸು ಗೊತ್ತು ಎನ್ನಬಾರದು. ಜನ್ಮದಲ್ಲಿ ಕಂಡವರೇ ಅಲ್ಲ ಎಂಬಂತೆ ಇರಬೇಕು. ನೋಡೋಣ, ಏನೇನು ಹೇಳುತ್ತಾರೆ.

ತೋಟದ ಬಾಗಿಲಲ್ಲಿ ಉಪಾಲಿ ಎಂಬ ಮುದುಕ ನಿಂತಿದ್ದ. ಬಿಳಿ ಅಂಗಿ, ಬಿಳಿ ಲುಂಗಿ, ಕೈಯಲ್ಲೊಂದು ಬೆತ್ತ. ಭಾರತದಿಂದ ಬರುವ ಗಿರಾಕಿಗಳಿಗಾಗಿಯೇ ಕಲಿತ ಹಿಂದಿಯಲ್ಲಿ ಎಲ್ಲರನ್ನೂ ಸ್ವಾಗತಿಸಿ, ನೇರವಾಗಿ ಒಂದು ಬಳ್ಳಿಯ ಮುಂದೆ ನಿಲ್ಲಿಸಿದ. ಬೆತ್ತ ಎತ್ತಿ, ಇದು ಪ್ರಪಂಚದ ಕಪ್ಪು ಚಿನ್ನ, ಇದರ ಹೆಸರು ಕಾಳುಮೆಣಸು ಎಂದ.

ಇಪ್ಪತ್ತೆರಡು ಮಂದಿ "ಆಹಾ!" ಎಂದರು.

"ಇದು ಮಣ್ಣಿನಡಿ ಬೆಳೀತದೆ ಅಂದ್ಕೊಂಡಿದ್ನಲ್ಲ!" ನಾಗಪತಿ ಭಟ್ಟರು ಹಿಂದಿಯಲ್ಲಿ ಬೆರಗುಪಟ್ಟರು. ಅವರು ಮಲ್ಲಿಸರ ಜಾತಿಯ ಮೆಣಸಿನ ಬಳ್ಳಿಯನ್ನು ಕತ್ತಲಲ್ಲಿ ಎಲೆ ಮುಟ್ಟಿ ಗುರುತಿಸುವವರು.

ಇಡಗುಂದಿಯ ಸುಜಯ, ಅವನೂ ಮೆಣಸಿನ ಬೆಳೆಗಾರನೇ, ವಿನಯದಿಂದ ಕೈಯೆತ್ತಿದ. "ಕಪ್ಪು ಬಣ್ಣ ಯಾವಾಗ ಬಳೀತೀರಿ? ಮಳೆಗಾಲದ ಮೊದಲೋ ಆಮೇಲೋ?"

ಉಪಾಲಿ ಬೇಸರಿಸಲಿಲ್ಲ. ಬಿಸಿಲಿಗೆ ಒಣಗಿದರೆ ತಾನಾಗಿ ಕಪ್ಪಾಗುತ್ತದೆ ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ. ಹಿಂದೆ ನಿಂತಿದ್ದವರು ಸೆರಗು, ಟವೆಲು ಬಾಯಿಗೆ ಒತ್ತಿಕೊಂಡರು. ನಿಜಕ್ಕೂ ಕಿವಿಗೊಟ್ಟು ಕೇಳಿದವಳು ಒಬ್ಬಳೇ, ದಾಸನಕೊಪ್ಪದ ಪಾರ್ವತವ್ವ. ಅವರದು ಭತ್ತ, ಗೋವಿನಜೋಳದ ಹೊಲ.

ಕೊನೆಗೆ ಬಂತು ಅಂಗಡಿ. ಗಾಜಿನ ಕಪಾಟು, ತಣ್ಣನೆಯ ಗಾಳಿ, ಚಿನ್ನದ ಬಣ್ಣದ ಡಬ್ಬಿ. ಕಾಲು ಕಿಲೋ ಮೆಣಸಿಗೆ, ನಮ್ಮ ಲೆಕ್ಕದಲ್ಲಿ, ಸಾವಿರದ ಎಂಟುನೂರು.

"ನಮ್ಮೂರಲ್ಲಿ ಇದಕ್ಕೆ ಎರಡೂವರೆ ಕೆಜಿ ಬತ್ತು!" ಸುಜಯ ಭಟ್ಟರ ಕಿವಿಯಲ್ಲಿ ಪಿಸುಗುಟ್ಟಿದ. "ಭಾವಾ, ನಮ್ಮ ಮೆಣಸು ಇಲ್ಲಿಗೇ ತಂದು ಮಾರ್ವನ."

ಪಾರ್ವತವ್ವ ಒಂದು ಸೀಸೆಯ ಮುಂದೆ ನಿಂತಿದ್ದಳು. "ವಿನೋದಕ್ಕಾರ, ಮೊಣಕಾಲಿಗೆ ಭಾಳ ಚಲೋ ಎಣ್ಣಿ ಅಂತ್ರಿ. ಎರಡ ಸೀಸೆ ತಗೊಂಡ್ರ ಸೊಂಟಕ್ಕೂ ಆಕ್ಕೈತಂತ."

"ಮೂಸಿ ನೋಡಿ ಪಾರ್ವತವ್ವಾ."

ಪಾರ್ವತವ್ವ ಮೂಸಿದಳು. "ಯವ್ವಾ! ಇದು ನಮ್ಮ ಮನ್ಯಾಗಿನ ಲವಂಗದೆಣ್ಣಿ ವಾಸನೀನ ಐತಲ್ರೀ!" ಎಂದು ಸೀಸೆಯನ್ನು ಹಾವಿನ ಮರಿಯಂತೆ ಮೆಲ್ಲಗೆ ಕೆಳಗಿಟ್ಟಳು.

ಇಪ್ಪತ್ತೆರಡು ಮಂದಿ ಖಾಲಿ ಕೈಯಲ್ಲಿ ಹೊರಬಂದರು. ಹೊರಗೆ ಮರದ ನೆರಳಲ್ಲಿ ಬಾಳೆಲೆ ಹಾಕಿ ಊಟ ಸಿದ್ಧವಾಗಿತ್ತು.

ಬಾಳೆಲೆ ಕಂಡ ಮೇಲೆ ನಮ್ಮವರಿಗೆ ಬೇರೆ ಪ್ರಶ್ನೆ ಏಳುವುದಿಲ್ಲ. ಸಾಲಾಗಿ ಎಲೆ ಹಾಕಿದೆ ಅಂದರೆ ಅದು ಸಂತರ್ಪಣೆ. ಯಾರು ಹಾಕಿದರು, ಯಾಕೆ ಹಾಕಿದರು ಎಂದು ವಿಚಾರಿಸುವುದು ಬಡಿಸುವವರಿಗೆ ಮಾಡುವ ಅವಮಾನ. ನಾಗಪತಿ ಭಟ್ಟರು ಎಲೆಯ ಸುತ್ತ ನೀರು ಕಟ್ಟಿ, ಕಣ್ಣಿಗೊತ್ತಿಕೊಂಡು, ‘ಹರ ಹರ ಮಹಾದೇವ’ ಎಂದು ಎತ್ತರದ ದನಿಯಲ್ಲಿ ಶುರು ಮಾಡಿದರು. ಎಳೆ ಹಲಸಿನಕಾಯಿಯ ಪಲ್ಯ, ತೆಂಗಿನಹಾಲಿನ ಸಾರು, ಬೆಲ್ಲದ ಪಾಯಸ. ಬಡಿಸುತ್ತಿದ್ದವನು ಉಪಾಲಿಯೇ. ಬೆತ್ತವನ್ನು ಮರಕ್ಕೆ ಒರಗಿಸಿ, ಸೌಟು ಹಿಡಿದು, ಒಬ್ಬೊಬ್ಬರ ಮುಖ ನೋಡಿ ಬಡಿಸಿದ. ಭಟ್ಟರು ಮೂರು ಸಲ ಪಾಯಸ ಹಾಕಿಸಿಕೊಂಡು ಒಂದು ಶ್ಲೋಕವನ್ನೂ ಹೇಳಿದರು.

ವಿನೋದಕ್ಕ ಕೈತೊಳೆದು ಬರುವಾಗ ಉಲ್ಲಾಸ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖ ಬಾಡಿತ್ತು.

"ಎಂತ ಆತೋ? ಊಟ ಮಾಡಿದ್ಯಿಲ್ಯ?"

"ಎಂತ ಊಟ ಅಕ್ಕಾ. ಈ ಊಟ ಎಂಗಳ ಪ್ಯಾಕೇಜಲ್ಲಿ ಇಲ್ಲೆ. ಅಂಗಡೀಲಿ ಕೊಳ್ಳ ಜನಕ್ಕೆ ತೋಟದವ್ರು ಪುಕ್ಕಟೆ ಹಾಕ್ತ. ಕೊಳ್ಳದೇ ಇದ್ರೆ..."

"ಇದ್ರೆ?"

"ಎಂತ ಇಲ್ಲೆ. ಕೇಳ್ತ್ವಿಲ್ಲೆ. ಆದ್ರೆ ಆ ಅಜ್ಜ ಬೆಳಗ್ಗಿಂದ ಅಡಿಗೆ ಮಾಡ್ಸಿದ್ದ."

ವಿನೋದಕ್ಕ ಅಲ್ಲೇ ಕಲ್ಲಿನ ಮೇಲೆ ಕೂತಳು. "ಮೊದ್ಲೇ ಹೇಳಕ್ಕಾಗ್ತಿತ್ತಿಲ್ಯನೋ?"

"ಹೇಳಿದ್ರೆ ಬಸ್ಸಲ್ಲೇ ಜಪಕ್ಕೆ ಕೂತ್ಗತ್ತಿದ್ರಿ!"

ಅದು ಸತ್ಯವೇ. ಉಂಡ ಅನ್ನ ಹೊಟ್ಟೆಯಲ್ಲಿತ್ತು, ದೇವರ ಮುಂದೆ ಆಡಿದ ಮಾತು ತಲೆಯಲ್ಲಿತ್ತು. ಕೊಂಡರೆ ಪ್ರತಿಜ್ಞೆ ಮುರಿಯುತ್ತದೆ. ಕೊಳ್ಳದಿದ್ದರೆ ಅನ್ನದ ಋಣ ಉಳಿಯುತ್ತದೆ. ಊಟದ ದುಡ್ಡು ಕೊಡೋಣವೆಂದರೆ ಅದೂ ಈ ಅಂಗಡಿಯ ಗಲ್ಲೆಗೇ ಬೀಳಬೇಕು. ಅವಳು ಕಣ್ಣು ಮುಚ್ಚಿ ಕೂತಳು. ಈ ಸಲದ ಜಪ ನಿಜವಾದದ್ದೇ.

ಕಣ್ಣು ಬಿಟ್ಟಾಗ ಎದುರಿಗೆ ಒಂದು ಮೆಣಸಿನ ಬಳ್ಳಿ ಕಂಡಿತು. ಅದೊಂದೇ ಅಲ್ಲ, ಅಲ್ಲಿಂದ ಹಿಂದಕ್ಕೆ ಎಲ್ಲವೂ. ಗಿರಾಕಿಗಳು ನೋಡುವ ಮುಂದಿನ ಸಾಲು ಮಾತ್ರ ಚೆಂದವಿತ್ತು. ಹಿಂದೆ ಬಳ್ಳಿಗಳು ಮರದಿಂದ ಬಿಟ್ಟುಕೊಂಡು ಜೋಲಾಡುತ್ತಿದ್ದವು, ಕುಡಿಗಳು ನೆಲದ ಮೇಲೆ ಹರಿದಾಡುತ್ತಿದ್ದವು. ಬೆಳಗಿನಿಂದ ಅದನ್ನು ನೋಡಿ ಅವಳ ಕೈ ತುರಿಸುತ್ತಿತ್ತು. ಗೊತ್ತಿಲ್ಲದವರ ನಾಟಕ ಆಡುತ್ತಿದ್ದುದರಿಂದ ಸುಮ್ಮನಿದ್ದಳು.

"ಕೇಳಿದ್ರಾ?" ಗಂಡನನ್ನು ಕೂಗಿದಳು. "ಏಳಿ. ಮುಯ್ಯಾಳು ಮಾಡವು."

ಮುಯ್ಯಾಳು ಅಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ನೀನು ನನ್ನ ಗದ್ದೆಗೆ ಬಂದೆಯಾ, ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿಯಿಲ್ಲ, ಚೀಟಿಯಿಲ್ಲ. ಆಳಿಗೆ ಆಳು, ಅಷ್ಟೇ. ಊಟದ ವಿಷಯ ಕೇಳಿ ಎಲ್ಲರ ಮುಖವೂ ಉಲ್ಲಾಸನ ಮುಖದಂತೆಯೇ ಬಾಡಿತು, ಆಮೇಲೆ ಅರಳಿತು. ಸುಜಯ ಪಂಚೆ ಎತ್ತಿ ಕಟ್ಟಿದ. ಭಟ್ಟರು ಬಿದ್ದಿದ್ದ ಬಾಳೆಯ ದಿಂಡಿನಿಂದ ಪಟ್ಟೆ ಸುಲಿದು ಹಗ್ಗ ಸೀಳಿಕೊಟ್ಟರು. ಕೆಲವರು ಬಳ್ಳಿ ಎತ್ತಿದರು, ಕೆಲವರು ಕಟ್ಟಿದರು. ಪಾರ್ವತವ್ವ, "ನನಗ ಮೆಣಸು ಬರಂಗಿಲ್ರಿ, ಕಸ ಬರತೈತಿ" ಎಂದು ಮೊಣಕಾಲನ್ನೂ ಮರೆತು ಕುಕ್ಕರಗಾಲಲ್ಲಿ ಕಳೆ ಕಿತ್ತಳು.

ಉಪಾಲಿ ಗಾಬರಿಯಿಂದ ಓಡಿಬಂದ. ಮಣ್ಣಿನಡಿ ಮೆಣಸು ಬೆಳೆಯುತ್ತದೆ ಎಂದಿದ್ದ ಭಟ್ಟರು ಏಣಿಯ ತುದಿಯಲ್ಲಿ ನಿಂತು, ಗಣ್ಣಿಗೆ ಸರಿಯಾಗಿ, ಬೇರು ಮರಕ್ಕೆ ತಾಗುವಂತೆ ಬಳ್ಳಿ ಕಟ್ಟುತ್ತಿದ್ದರು. ಉಪಾಲಿ ಅವರನ್ನೇ ನೋಡಿದ. ಆಮೇಲೆ ಸುಜಯನ ಕಡೆ ತಿರುಗಿ, ಮತ್ತೆ ಬಣ್ಣ ಯಾವಾಗ ಬಳಿಯುವುದು ಎಂದು ಗಂಭೀರವಾಗಿ ಕೇಳಿದ.

ಮುದುಕ ಮೊದಲು ನಕ್ಕ. ಆಮೇಲೆ ಇಡೀ ತೋಟ ನಕ್ಕಿತು.

"ನಿಮ್ಮದು ಎಷ್ಟು ಎಕರೆ?" ಅಂದ ಉಪಾಲಿ.

"ಮೂರು," ಎಂದರು ಭಟ್ಟರು ಏಣಿಯ ಮೇಲಿನಿಂದಲೇ, ತಪ್ಪೊಪ್ಪಿಗೆಯಂತೆ.

ಎರಡು ಗಂಟೆಯಲ್ಲಿ ಹಿಂದಿನ ನಾಲ್ಕು ಸಾಲು ಮೈಮುರಿದು ಎದ್ದು ನಿಂತವು. ಉಪಾಲಿ ಉಲ್ಲಾಸನ ಹೆಗಲ ಮೇಲೆ ಕೈಯಿಟ್ಟು, ಊಟದ ಲೆಕ್ಕ ಮುಗಿಯಿತು ಎಂದ. ಉಲ್ಲಾಸ ಒಳಗೆ ಹೋಗಿ ಉಳಿದ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಎಲ್ಲರೂ ಬಸ್ಸು ಹತ್ತಿದರು. ವಿನೋದಕ್ಕ ಕಿಟಕಿಯ ಬದಿ ಕೂತು ಕೈಮುಗಿದಳು. ಪ್ರತಿಜ್ಞೆ ಉಳಿದಿತ್ತು. ಸಿದ್ದಾಪುರ ಪೇಟೆಯಲ್ಲಿ ತಲೆಯೆತ್ತಿ ನಡೆಯಬಹುದು. ಕೇಸರಿ ಕೇಳುವವರಿಗೆ ಈ ಸಲ ಒಂದು ಉತ್ತರವಿತ್ತು.

ಆಗ ಸೊಂಟದ ಹತ್ತಿರ ತಣ್ಣಗೆ ಏನೋ ತಾಗಿತು.

ಕೈಯಿಟ್ಟು ನೋಡಿಕೊಂಡಳು. ಒದ್ದೆ ಕರ್ಚೀಫಿನಲ್ಲಿ ಸುತ್ತಿದ ಮೂರು ಗಣ್ಣಿನ ಮೆಣಸಿನ ಕುಡಿ. ಕೊನೆಯ ಸಾಲಿನಲ್ಲಿ ಮೆಣಸಿನ ಸರ ಉದ್ದ, ಕಾಳು ದಪ್ಪ ಇದ್ದ ಒಂದು ಬಳ್ಳಿ ಕಂಡಿತ್ತು. ನೆಲಕ್ಕೆ ಹರಿದ ಕುಡಿಯನ್ನು ಚಿವುಟಿದ್ದು, ಒದ್ದೆ ಮಾಡಿ ಸುತ್ತಿದ್ದು, ಸೊಂಟಕ್ಕೆ ಸಿಕ್ಕಿಸಿದ್ದು ಯಾವುದೂ ಅವಳಿಗೆ ತಿಳಿದಿರಲಿಲ್ಲ. ಕೈ ತಾನಾಗಿ ಮಾಡಿತ್ತು. ನಮ್ಮ ಹೆಂಗಸರು ಇನ್ನೊಬ್ಬರ ಹಿತ್ತಲಿನಿಂದ ಬರಿಗೈಯಲ್ಲಿ ಬಂದದ್ದುಂಟೇ? ದಾಸವಾಳದ ಟೊಂಗೆಯೋ, ಕ್ರೋಟನ್ ಎಲೆಯೋ, ಏನಾದರೂ ಒಂದು ಸೆರಗಿನಲ್ಲಿ ಬಂದೇ ಬರುತ್ತದೆ.

ಊರಲ್ಲಾದರೆ ಇದು ಕಳವಲ್ಲ. ಅಲ್ಲಿ ಅವರೂ ನಮ್ಮದನ್ನು ಒಯ್ಯುತ್ತಾರೆ. ಇಲ್ಲಿನ ಮುದುಕ ಅವಳ ಊರು ನಿಲ್ಕುಂದಕ್ಕೆ ಬಂದು ಅಂಗಳದ ಗಿಡ ಚಿವುಟುವುದು ಯಾವ ಕಾಲಕ್ಕೆ?

ಕುಡಿ ಚೆನ್ನಾಗಿತ್ತು. ಇನ್ನು ಹದಿನೈದು ದಿನಕ್ಕೆ ಊರಲ್ಲಿ ಮಳೆ ಹಿಡಿಯುತ್ತದೆ, ನೆಟ್ಟರೆ ಜೀವ ಹಿಡಿದೇ ಹಿಡಿಯುತ್ತದೆ. ಕೆಳಗೆ ಬಿದ್ದದ್ದು ತಾನೇ, ನಾಳೆ ಕಸದ ಜೊತೆ ಗುಡಿಸುತ್ತಾರೆ ಎಂದು ಮನಸ್ಸು ವಕಾಲತ್ತು ಮಾಡಿತು. ಬಸ್ಸಿನ ಇಂಜಿನು ಶುರುವಾಯಿತು. ಅವಳು ಐದು ದಿನ, ಯಾರು ಏನು ಕೊಂಡರೋ ಎಂದು ಎಲ್ಲರ ಚೀಲ ಇಣುಕಿ ನೋಡಿದವಳು. ಇಪ್ಪತ್ತೆರಡು ಜನರಲ್ಲಿ ಈ ತೋಟದ ಮಾಲನ್ನು ಬಸ್ಸಿಗೆ ಹತ್ತಿಸಿದವಳು ತಾನೊಬ್ಬಳೇ, ಅದೂ ದುಡ್ಡು ಕೊಡದೆ.

"ತಡಿಯೋ ಉಲ್ಲಾಸ! ಬಾತ್‌ರೂಮಿಗೆ ಹೋಗ್ಬತ್ತೆ."

"ಮತ್ತೆ ಜಪ ಅಲ್ದಲಾ ಅಕ್ಕಾ?" ಹಿಂದಿನಿಂದ ಸುಜಯ ಕೆಣಕಿದ.

"ನೀ ಸುಮ್ನಿರು ತಮಾ, ಬಣ್ಣ ಬಳಿಯವ್ನೆ!"

ಮರದ ನೆರಳಲ್ಲಿ ಉಪಾಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಬಂದವರೆಲ್ಲ ಹೊರಟ ಮೇಲಿನ ಊಟ. ಅವಳನ್ನು ಕಂಡು ಏಳಲು ಹೋದ, ಅವಳು ಕೂರು ಎಂದು ಕೈಸನ್ನೆ ಮಾಡಿದಳು. ಯಾವ ಭಾಷೆಯಲ್ಲಿ ಏನು ಹೇಳಬೇಕೆಂದು ತೋಚಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ. ಕರ್ಚೀಫು ಬಿಚ್ಚಿ, ಗಣ್ಣು ನೋಯದಂತೆ ಎರಡೂ ಕೈಯಲ್ಲಿ ಕುಡಿಯನ್ನು ಎತ್ತಿ, ಅವನ ಎಲೆಯ ಪಕ್ಕದ ನೀರಿನ ಲೋಟದೊಳಗೆ ಮೆಲ್ಲಗೆ ನಿಲ್ಲಿಸಿದಳು.