ಏಳನೇ ಬ್ಲಾಕಿನ ಹಿಂದಿನವರು

"ಏ ಬಂಡೀ, ಒಳಗೇನ್ ನಿದ್ದಿ ಹೊಡಿಯಾಕತ್ತೀಯೇನ ರಂಡೆ? ಇಲ್ಲಿ ಸಂಡಾಸ ತುಂಬಿ ಪಡಸಾಲಿಗೆ ಬರಾಕತ್ತೈತಿ!"

ಮೊದಲನೇ ಬ್ಲಾಕಿನ ಮಾಳಿಗೆಯ ಮೇಲೆ ನಿಂತು ಸಿದ್ದರಾಮಪ್ಪ ಕೂಗುತ್ತಿದ್ದ. ಬನಿಯನ್ನಿನ ಮೇಲೆ ಲಿಂಗದ ಕರಡಿಗೆ ತೂಗಾಡುತ್ತಿತ್ತು. ಕೆಳಗೆ ಬಂಡೆಮ್ಮ ಮೋರಿಯ ಚೇಂಬರಿನೊಳಗೆ ಎದೆಮಟ್ಟ ಇಳಿದು ನಿಂತಿದ್ದಳು. ಬಿದಿರು ಗಳ ಎಷ್ಟು ಚುಚ್ಚಿದರೂ ಒಳಗೆ ಹೋಗುತ್ತಿರಲಿಲ್ಲ. ಕಾಲಿನಿಂದ ತಡವಿದಳು. ಮೆತ್ತಗಿನದಲ್ಲ, ಗಟ್ಟಿ. ಉಸಿರು ಬಿಗಿಹಿಡಿದು ಬಗ್ಗಿ ಕೈ ಹಾಕಿದಾಗ ಸಿಮೆಂಟಿನ ಹೆಂಟೆಯೊಂದು ಸಿಕ್ಕಿತು. ಅದರ ಹಿಂದೆ ಇನ್ನೊಂದು.

"ಅಪ್ಪಾರ, ಯಾರೋ ಕಲ್ಲು ತಂದು ಸುರುವ್ಯಾರ್ರಿ. ಕೈಲಿ ಎತ್ತೂವಂಥವಲ್ಲ ಇವು."

"ಎತ್ತೂದಿಲ್ಲಂದ್ರ ನಿಮ್ಮನ್ನ ಯಾತಕ್ಕ ಇಟ್ಟೀವಿ? ಪೂಜಿ ಮಾಡಾಕೇನ?"

ಚೇಂಬರಿನ ಬಾಯಲ್ಲಿ ಬಕೆಟ್ಟಿನ ಹಗ್ಗ ಹಿಡಿದು ನಿಂತಿದ್ದ ಅವಳ ತಮ್ಮ ವಿಠಲ ಹಲ್ಲು ಕಡಿದ. "ಈ ಭಾಡ್ಯಾಗ ಒಂದಿನ ಇದೇ ಬಕೀಟ ತಲಿ ಮ್ಯಾಲೆ ಸುರುವತೀನಿ ನೋಡಕ್ಕ."

"ಸುಮ್ನ ಎಳಿ," ಎಂದಳು ಬಂಡೆಮ್ಮ. ಬಾಯಿ ತೆರೆದರೆ ನಾತ ಒಳಗೆ ಹೋಗುತ್ತಿತ್ತು.

ಕಲ್ಲು ಸುರಿದವರು ಯಾರೆಂದು ಕಾಲನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಲನಿಯ ಜಾಗದ ಮೇಲೆ ಕಟ್ಟಡದ ಕಂಪನಿಯೊಂದರ ಕಣ್ಣು ಬಿದ್ದಿತ್ತು. ಹೈಟೆಕ್ ಸಿಟಿ ಎದ್ದು ನಿಂತ ಮೇಲೆ ಹೈದರಾಬಾದಿನಲ್ಲಿ ಮಣ್ಣಿಗೆಲ್ಲ ಬಂಗಾರದ ಬೆಲೆ. ಸನತ್‌ನಗರದ ಬಗಲಿಗಿದ್ದ ಈ ಹಳೆಯ ಬ್ಲಾಕುಗಳನ್ನು ಕೆಡವಿ, ಗಾಜಿನ ಆಫೀಸು, ಅದರ ಹಿಂದೆ ಎತ್ತರದ ಫ್ಲಾಟುಗಳನ್ನು ಎಬ್ಬಿಸುತ್ತೇವೆ ಎಂದು ಕಂಪನಿ ಬಂದಿತ್ತು. ಕಾಲನಿಯವರು ಇನ್ನೂ ದೊಡ್ಡ ಫ್ಲಾಟು ಕೊಡಿ ಎಂದು ಪಟ್ಟು ಹಿಡಿದು ಕುಳಿತಿದ್ದರು. ಅದಕ್ಕೇ ಕಂಪನಿಯವರು ಮೊದಲು ನೀರು ನಿಲ್ಲಿಸಿದರು. ಈಗ ಮೋರಿಯಲ್ಲಿ ಕಲ್ಲು ತುಂಬಿಸಿದ್ದರು. ಜಗಳ ಮಾಲೀಕರದು. ಅದು ಬಂದು ನಿಂತದ್ದು ಬಂಡೆಮ್ಮನ ಎದೆಮಟ್ಟಕ್ಕೆ.

ಆ ಜಾಗಕ್ಕೆ ಊರಿನವರೆಲ್ಲ 'ನಂಬರ್ ಬ್ಲಾಕ್' ಎನ್ನುತ್ತಿದ್ದರು. ಹಿಂದೆ ಇಲ್ಲೊಂದು ದೊಡ್ಡ ಕಾರ್ಖಾನೆ ಇತ್ತು. ಕನ್ನಡ ಸೀಮೆಯಿಂದ ಬಂದ ಅದರ ಕೆಲಸಗಾರರಿಗೆಂದು ಕಟ್ಟಿದ ಏಳು ಬ್ಲಾಕುಗಳಿವು. ಒಂದನೆಯದು ಸಾಹೇಬರದು, ಮುಂದೆ ಹೂದೋಟ. ಆಮೇಲಿನವು ಗುಮಾಸ್ತರವು. ನಡುವಿನವು ಫಿಟ್ಟರು, ಟರ್ನರುಗಳವು. ಏಳನೆಯದು ಹಮಾಲರದು, ಹೆಲ್ಪರುಗಳದು. ಒಂದರಿಂದ ಏಳಕ್ಕೆ ಬರುತ್ತಾ ಬರುತ್ತಾ ಖೋಲಿ ಸಣ್ಣದಾಗುತ್ತಿತ್ತು, ನಳ ಸಣ್ಣದಾಗುತ್ತಿತ್ತು, ಮನುಷ್ಯನೂ ಸಣ್ಣವನಾಗುತ್ತಿದ್ದ. ಹೆಣ್ಣು ಕೇಳಲು ಬಂದವರು ಮನೆತನದ ಹೆಸರಿಗಿಂತ ಮೊದಲು "ಎಷ್ಟನೇ ಬ್ಲಾಕ್ನವರ್ರಿ?" ಎಂದು ಕೇಳುತ್ತಿದ್ದರು.

ಏಳನೇ ಬ್ಲಾಕಿನ ಹಿಂದೆ ತಗಡಿನ ಗುಡಿಸಲುಗಳ ಸಾಲೊಂದಿತ್ತು. ಅದಕ್ಕೆ ನಂಬರಿರಲಿಲ್ಲ. ಬ್ಲಾಕುಗಳಿಗೆ ಇಟ್ಟಿಗೆ ಹೊರಲು ಸಿಂದಗಿ ಸೀಮೆಯ ಹೊಲಗೇರಿಗಳಿಂದ ಬಂದವರು, ಕಟ್ಟಿ ಮುಗಿದ ಮೇಲೆ ಅಲ್ಲೇ ಸಂಡಾಸು ಬಳಿಯಲು ಉಳಿದುಕೊಂಡ ಸಾಲು ಅದು. ಬಂಡೆಮ್ಮನ ಅವ್ವ ಗದಿಗೆಮ್ಮ ಹಾಗೆ ಬಂದವಳು. ಅವಳು ತಲೆಯ ಮೇಲೆ ಹೊತ್ತ ಇಟ್ಟಿಗೆಯಿಂದಲೇ ಏಳನೇ ಬ್ಲಾಕಿನ ಹಿಂದಿನ ಗೋಡೆ ಎದ್ದಿತ್ತು. ಆ ಗೋಡೆಗೆ ಒಂದು ಕಿಟಕಿಯನ್ನೂ ಇಟ್ಟಿರಲಿಲ್ಲ. ಹಮಾಲರಿಗೂ ಈ ಸಾಲು ಕಾಣಬಾರದಿತ್ತು. ಕಾರ್ಖಾನೆ ಮುಚ್ಚಿದಾಗ ಬ್ಲಾಕುಗಳವರಿಗೆ ಅವರವರ ಮನೆ ಅಗ್ಗದಲ್ಲಿ ಬರೆದುಕೊಟ್ಟರು. ಸಾಲಿನವರನ್ನು ಯಾರೂ ಕೇಳಲಿಲ್ಲ, ಬಿಡಿಸಲೂ ಇಲ್ಲ. ಸಂಡಾಸು ತೊಳೆಯುವವರು ಬೇಕಾಗಿತ್ತು. ಬಂಡೆಮ್ಮ ಹುಟ್ಟಿದ್ದೂ ಅಲ್ಲೇ, ಗಂಡ ಸತ್ತ ಮೇಲೆ ತಿರುಗಿ ಬಂದು ಸೇರಿದ್ದೂ ಅಲ್ಲೇ.

ಮೋರಿಯಲ್ಲಿ ಕಲ್ಲು ಸಿಕ್ಕ ದಿನ ಸಂಜೆ ಸಿದ್ದರಾಮಪ್ಪ ತಾನಾಗಿ ಸಾಲಿಗೆ ಬಂದ. ಕಾಲನಿ ಸೊಸೈಟಿಗೆ ಅಧ್ಯಕ್ಷನಾಗಿದ್ದವನು ಇತ್ತ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ವಸ್ತ್ರ ಒತ್ತಿಕೊಂಡು, ಮೋರಿಯ ಆಚೆ ದಂಡೆಯಲ್ಲೇ ನಿಂತ.

"ಬಂಡೆಮ್ಮ," ಎಂದ.

ಅವನ ಬಾಯಲ್ಲಿ ತನ್ನ ಪೂರಾ ಹೆಸರು ಕೇಳಿ ಅವಳಿಗೆ ಹೆದರಿಕೆಯಾಯಿತು.

"ನಾಳಿ ಮುಂಜಾನೆ ಕಂಪನಿಯವ್ರು ಜೆಸಿಬಿ ತರಾಕತ್ತಾರ. ನೀವು ಹೆಣ್ಮಕ್ಕಳು ಮುಂದ ಅಡ್ಡ ಕುಂದರಬೇಕು."

"ನಾವ್ಯಾಕ್ರಿ ಅಪ್ಪಾರ? ಬ್ಲಾಕ್ನಾಗೂ ಹೆಣ್ಮಕ್ಕಳು ಅದಾರಲ್ರಿ," ಎಂದಳು ಗುರುಬಾಯಿ, ವಿಠಲನ ಹೆಂಡತಿ.

ಸಿದ್ದರಾಮಪ್ಪ ಅವಳ ಕಡೆ ನೋಡಲಿಲ್ಲ. "ನಮ್ಮ ಮನಿ ಹೆಣ್ಮಕ್ಕಳಿಗೆ ರಸ್ತಾದಾಗ ಕುಂತು ರೂಢಿ ಇಲ್ಲ. ನೋಡ ಬಂಡೆಮ್ಮ, ಬ್ಲಾಕ್ ಉಳದ್ರ ನೀವೂ ಉಳೀತೀರಿ. ನಮಗ ಫ್ಲಾಟ್ ಬಂದ್ರ ನಿಮಗೂ ಒಂದೊಂದು ಖೋಲಿ ಬರತೈತಿ. ಬಸವಣ್ಣನ ಆಣಿ."

"ಖರೇನ್ರಿ?"

"ಆಣಿ ಹಾಕೀನಲ್ಲ. ಮತ್ತೇನ್ ಕಾಲ ಹಿಡೀಲೇನ?"

ಮರುದಿನ ಅವರು ಕುಳಿತರು. ಸಾಲಿನ ಹೆಂಗಸರೆಲ್ಲ ಗೇಟಿನ ಬಾಯಿಗೆ ಅಡ್ಡಲಾಗಿ ಕುಳಿತರು, ನಡುವೆ ಬಂಡೆಮ್ಮ. ಬ್ಲಾಕಿನವರು ಮಾಳಿಗೆಗಳ ಮೇಲೆ ನಿಂತು ಜಯಘೋಷ ಮಾಡಿದರು. ಜೆಸಿಬಿ ಹೆಂಗಸರ ಮುಖದ ಹತ್ತಿರದವರೆಗೂ ಬಂದು ಗುರುಗುಟ್ಟಿತು, ಹಿಂದೆ ಹೋಯಿತು, ಮತ್ತೆ ಬಂತು. ಆಮೇಲೆ ಕಂಪನಿಯ ಆಳುಗಳು ಬಡಿಗೆ ಹಿಡಿದು ಇಳಿದರು. ಒಬ್ಬ ಗುರುಬಾಯಿಯ ತುರುಬಿಗೆ ಕೈ ಹಾಕಿದ. ವಿಠಲ ಓಡಿ ಬಂದು ಅವನ ಮೇಲೆ ಬಿದ್ದ. ನಾಲ್ಕಾರು ಜನ ವಿಠಲನನ್ನು ನೆಲಕ್ಕೆ ಕೆಡವಿ, ಸೊಂಟದ ಮೇಲೆ, ಅದೇ ಜಾಗದ ಮೇಲೆ ಮತ್ತೆ ಮತ್ತೆ ಹೊಡೆದರು. ಬಂಡೆಮ್ಮ ಮಾಳಿಗೆಯ ಕಡೆ ಮುಖ ಎತ್ತಿ, "ಬರ್ರೋ ಯಪ್ಪಾ, ಯಾರರೆ ಇಳದು ಬರ್ರೋ!" ಎಂದು ಒದರಿದಳು. ಜಯಘೋಷ ನಿಂತಿತ್ತು. ಯಾರೂ ಇಳಿಯಲಿಲ್ಲ.

ಪೇಪರಿನವರು ಬಂದು ಫೋಟೋ ಹೊಡೆದರು. ಗುಲ್ಲಾಯಿತು. ಕಂಪನಿ ಜೆಸಿಬಿ ಹಿಂದಕ್ಕೆ ಕಳಿಸಿ ಮಾತುಕತೆಗೆ ಬಂತು.

ಆವತ್ತು ಸಿದ್ದರಾಮಪ್ಪನ ಹೆಂಡತಿ ಶಾರದಾಬಾಯಿ ಹೆಂಗಸರನ್ನೆಲ್ಲ ಕರೆದು, ಮೆಟ್ಟಿಲ ಕೆಳಗೆ ಕೂರಿಸಿ ಚಹಾ ಕೊಟ್ಟಳು. "ಭಾಳ ಧೈರ್ಯದಾಕಿ ಬಿಡವಾ ನೀ," ಎಂದಳು ಬಂಡೆಮ್ಮನಿಗೆ. "ಕುಡದು ಗಿಲಾಸ ತೊಳದು ಆ ಗ್ವಾಡಿ ಮ್ಯಾಲೆ ಬೋರಲ ಹಾಕಿ ಹೋಗ್ರಿ."

ವಿಠಲ ದವಾಖಾನೆಯಿಂದ ಮನೆಗೆ ಬಂದ. ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗುರುಬಾಯಿ ಅವನನ್ನು ಹೊರಳಿಸಿ ತೊಳೆಯುತ್ತಿದ್ದಳು. ತೊಳೆಯುವಾಗ ಅವನು ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ. "ಖೋಲಿ ಸಿಕ್ಕರ ಕೆಳಗಿಂದು ಕೇಳಕ್ಕ. ಮ್ಯಾಲಿಂದು ಆದ್ರ ಈಕಿ ನನ್ನ ಹೊರಬೇಕಾಕ್ಕೈತಿ," ಎಂದ ಒಮ್ಮೆ. ಬಂಡೆಮ್ಮ ಹೂಂ ಎಂದಳು. ಮುಂದೆ ಬಾಗಿಲು ಇರಬೇಕು, ಗಾಳಿಗೆ ಒಂದು ಕಿಟಕಿ ಇರಬೇಕು ಎಂದು ಅವಳೂ ಲೆಕ್ಕ ಹಾಕುತ್ತಿದ್ದಳು.

ಕಂಪನಿಯೊಡನೆ ಒಪ್ಪಂದವಾಗಿ, ಬ್ಲಾಕುಗಳ ಮೇಲೆ ನಂಬರು ಬರೆಯುವವನು ಬಂದದ್ದು ಆಗ. ಪ್ರತಿ ಬಾಗಿಲ ಮಗ್ಗುಲಿಗೆ ಕೆಂಪು ಬಣ್ಣದಲ್ಲಿ ಬ್ಲಾಕಿನ ನಂಬರು, ಕೆಳಗೆ ಮನೆಯ ನಂಬರು. ಯಾವ ಬಾಗಿಲಿಗೆ ಕೆಂಪು ಬಿತ್ತೋ ಆ ಮನೆಗೆ ಫ್ಲಾಟು. ಬಂಡೆಮ್ಮ ಬಾಗಿಲ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ತಗಡು ಒರೆಸಿ ಕಾದಳು. ಅವನು ಏಳನೇ ಬ್ಲಾಕಿನ ಕಡೇ ಬಾಗಿಲಿಗೆ ಬರೆದು, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯತೊಡಗಿದ.

"ಭೈಯಾ, ಇದರ್ ಬೀ ಹೈ," ಎಂದು ತಮ್ಮ ಸಾಲಿನ ಕಡೆ ಕೈ ತೋರಿದಳು.

"ಏ ಲೈನ್ ಮೇರೆಕು ನಹೀ ಬೋಲೇ ಅಮ್ಮಾ." ಈ ಸಾಲಿಗೆ ಬರೆಯೆಂದು ತನಗೆ ಯಾರೂ ಹೇಳಿಲ್ಲವೆಂದು ಅವನು ಡಬ್ಬಿ ಮುಚ್ಚಿದ.

ಅವಳು ಕಾರ್ಪೊರೇಟರನ ಮನೆಗೆ ಹೋದಳು. "ಮೀ ಲೈನ್ ಮ್ಯಾಪ್‌ಲೋನೇ ಲೇದಮ್ಮಾ," ಎಂದು ಅವನ ಮನುಷ್ಯ ಗೇಟಿನಲ್ಲೇ ತಿರುಗಿಸಿ ಕಳಿಸಿದ. ಸಾಲು ನಕ್ಷೆಯಲ್ಲೇ ಇರಲಿಲ್ಲ. ಕೊನೆಗೆ ಮಾರುತಿ ಗುಡಿಗೆ ಬಂದಳು. ಸೊಸೈಟಿಯವರು ಅಲ್ಲಿ ಪೇಡೆ ಹಂಚುತ್ತಿದ್ದರು. ಬಂಡೆಮ್ಮ ಕಟ್ಟೆಯ ಕೆಳಗೆ ಚಪ್ಪಲಿಗಳ ಹತ್ತಿರ ನಿಂತಳು.

"ಅಪ್ಪಾರ, ನಮ್ಮ ಬಾಗಲಕ್ಕ ಬರೀಲಿಲ್ರಿ."

ಸಿದ್ದರಾಮಪ್ಪ ಬಾಯಲ್ಲಿದ್ದುದನ್ನು ನುಂಗಿದ. "ನಿಮ್ದು ಬ್ಲಾಕ್ ಎಲ್ಲೈತಿ ಬರಿಯಾಕ?"

"ಆಣಿ ಹಾಕಿದ್ರಲ್ರಿ."

"ಹಾಕಿದ್ದೆ. ನಾನೂ ಮಾತಾಡಿ ನೋಡಿದೆ, ಕಂಪನಿಯವ್ರು ಒಪ್ಪವಲ್ರು. ನಿಮ್ಮ ಸಲುವಾಗಿ ಇಷ್ಟು ಜನದ್ದು ಮುರಕೊಳ್ಳಾಕ ಆಕ್ಕೈತೇನ? ನೀನ ಹೇಳು."

"ನನ್ನ ತಮ್ಮನ ಸೊಂಟ ಮುರೀತಲ್ರಿ ನಿಮ್ಮ ಸಲುವಾಗಿ!"

ಹಿಂದಿನಿಂದ ಯಾರೋ ಅಂದರು, "ಈ ಹೊಲ್ಯಾರದು ಇದ ಹಣೇಬರಾ. ಬೆರಳು ಕೊಟ್ರ ಮುಂಗೈ ನುಂಗತಾರ." ಯಾರೋ ನಕ್ಕರು. ಸಿದ್ದರಾಮಪ್ಪ ನಗಲಿಲ್ಲ. ಡಬ್ಬಿಯಿಂದ ಪೇಡೆ ತೆಗೆದು, ಮೇಲಿನಿಂದಲೇ ಅವಳ ಸೆರಗಿಗೆ ಬೀಳುವಂತೆ ಹಾಕಿದ. ಅವಳು ಸೆರಗು ಚಾಚಿರಲಿಲ್ಲ. ಪೇಡೆ ಚಪ್ಪಲಿಗಳ ನಡುವೆ ಬಿತ್ತು.

ಅವಳು ಅದನ್ನು ಎತ್ತಲಿಲ್ಲ. ಮನೆಯಲ್ಲಿ ವಿಠಲ ಒಬ್ಬನೇ ಮಲಗಿದ್ದ, ಹೊರಳಿಸುವ ಹೊತ್ತಾಗಿತ್ತು. ಹಿಂದಕ್ಕೆ ತಿರುಗಿ ನಡೆದಳು.

ಕೆಡವುವ ಕೆಲಸ ಸಾಲಿನಿಂದಲೇ ಶುರುವಾಯಿತು. ಬ್ಲಾಕಿನವರಿಗೆ ಸಾಮಾನು ಸಾಗಿಸಲು ಸಮಯ ಕೊಟ್ಟಿದ್ದರು, ಲಾರಿ ಕೊಟ್ಟಿದ್ದರು. ಸಾಲಿನವರಿಗೆ ಜೆಸಿಬಿಯ ಹಾರ್ನು ಕೊಟ್ಟರು. ಗುರುಬಾಯಿ, ಬಂಡೆಮ್ಮ ಇಬ್ಬರೂ ಸೇರಿ ವಿಠಲನನ್ನು ಕೌದಿಯ ಸಮೇತ ಎಳೆದು ಹೊರಗೆ ತಂದರು. ತಗಡು ಮುದುಡುವ ಸಪ್ಪಳಕ್ಕೆ ಅವನು ಮಕ್ಕಳ ಹಾಗೆ ಕಿವಿ ಮುಚ್ಚಿಕೊಂಡ. ಸಾಲಿನ ಉಳಿದವರು ಬಾಲಾನಗರದ ಕಡೆ, ಕೆಲವರು ಊರ ಕಡೆ ಚೆದುರಿದರು. ವಿಠಲನನ್ನು ಹೊತ್ತು ಎಲ್ಲಿಗೂ ಹೋಗುವಂತಿರಲಿಲ್ಲ. ಕಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ ಒಂದು ತಾಡಪತ್ರಿ ಕಟ್ಟಿ ಅಲ್ಲೇ ಉಳಿದರು.

ಏಳೂ ಬ್ಲಾಕು ನೆಲಸಮವಾದ ಮೇಲೆ ಭೂಮಿಪೂಜೆ ಬಂತು. ಪುರೋಹಿತ ನರಹರಿ ಆಚಾರಿ ದಿಕ್ಕು ನೋಡಿ, ಈಶಾನ್ಯ ಮೂಲೆ ಇಲ್ಲಿ ಎಂದು ತೋರಿಸಿದ ಜಾಗ ಹಳೆಯ ತಗಡಿನ ಸಾಲಿನದು. ಅಲ್ಲಿ ಆಳೆತ್ತರದ ಗುಂಡಿ ತೋಡಿದರು. ಶಾಮಿಯಾನ ಹಾಕಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿ ಸಾಲಾಗಿ ಇಟ್ಟರು. ಬೆಳಿಗ್ಗೆ ಸಿದ್ದರಾಮಪ್ಪ ಕಂಪೌಂಡಿನ ಆಚೆಯಿಂದ ಕೂಗಿದ. "ಏ ಬಂಡೀ, ಸಾಹೇಬ್ರು ಬರೂ ಹೊತ್ತಾತು. ಬಂದು ಇಷ್ಟು ಕಸಾ ಹೊಡದು ಹೋಗು."

ಗುರುಬಾಯಿ ಉಗುಳಿದಳು. "ಹೋಗಬ್ಯಾಡಕ್ಕ. ಅವನ ಹೆಣಾ ಎತ್ತಲಿ."

ಬಂಡೆಮ್ಮ ಎದ್ದಳು. ಕಸಬರಿಗೆ ತೆಗೆದುಕೊಂಡು ಹೋದಳು. ಶಾಮಿಯಾನದ ಕೆಳಗೆಲ್ಲ ಗುಡಿಸಿದಳು. ಗುಂಡಿಯ ಸುತ್ತ ಗುಡಿಸಿದಳು. ಕಾರುಗಳು ಬಂದು ನಿಂತವು. "ಆತು, ದೂರ ಸರಿ. ಇನ್ನ ಕಲಶ ಬರತೈತಿ," ಎಂದ ನರಹರಿ ಆಚಾರಿ. ಅವಳು ಕಸಬರಿಗೆಯನ್ನು ಅಲ್ಲೇ ಹಾಕಿ, ಗುಂಡಿಯ ಅಂಚು ಹಿಡಿದು ಒಳಗೆ ಇಳಿದಳು. ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು.

ಸಿದ್ದರಾಮಪ್ಪ ಅಂಚಿಗೆ ಬಂದು ಬಗ್ಗಿದ.

"ಏನ್ ಮಾಡಾಕತ್ತೀಯ? ಏಳ ಮ್ಯಾಲಕ್ಕ!"

"ಏಳೂದಿಲ್ಲ."

"ಏನ್ ಬೇಕು ನಿನಗ?"

ಬಂಡೆಮ್ಮ ಯೋಚಿಸಿದಳು. ಏನು ಬೇಕು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಈಗ ಕೇಳಿದವನು ಇವನು. "ಏನೂ ಬ್ಯಾಡ," ಎಂದಳು. "ಇದು ನಮ್ಮ ಒಲಿ ಇದ್ದ ಜಾಗ. ಕುಂತೀನಿ."

"ಎಳೀರಿ ಆಕಿನ್ನ!" ಎಂದು ಸಿದ್ದರಾಮಪ್ಪ ತಿರುಗಿ ಕಿರುಚಿದ. ಸೊಸೈಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಮಿಂದು, ಮಡಿಯುಟ್ಟು ಬಂದಿದ್ದರು. ಒಬ್ಬರೂ ಇಳಿಯಲಿಲ್ಲ.

ಕಂಪನಿಯ ಮ್ಯಾನೇಜರ್ ಗಡಿಯಾರ ನೋಡಿಕೊಂಡ. "ಪಂಡಿತ್‌ಜೀ, ಮುಹೂರ್ತ್?"

ನರಹರಿ ಆಚಾರಿ ಗುಂಡಿಯೊಳಗೆ ಇಣುಕಿ, ಪಂಚೆ ಎತ್ತಿಕೊಂಡು ಹಿಂದೆ ಸರಿದ. "ಇದು ಇನ್ನ ನಡಿಯೂದಿಲ್ಲ, ಮೈಲಿಗಿ ಆತು. ಬಾಜೂಕ ಇನ್ನೊಂದು ತೋಡಿಸ್ರಿ. ಈಶಾನ್ಯಾನೇ ಆಕ್ಕೈತಿ, ಅಡ್ಡಿ ಇಲ್ಲ."

ಜೆಸಿಬಿ ಬಂತು. ಪಕ್ಕದಲ್ಲೇ ಹಲ್ಲು ಊರಿ ಒಂದು ಬುಟ್ಟಿ ಮಣ್ಣು ಎತ್ತಿತು. ಸುತ್ತಲೂ ಕುರ್ಚಿ, ಕಾರು, ಹೂವಿನ ರಾಶಿ. ಮಣ್ಣು ಹಾಕಲು ಬಂಡೆಮ್ಮ ಕುಳಿತ ಗುಂಡಿಯ ಹೊರತು ಜಾಗವಿರಲಿಲ್ಲ. ಡ್ರೈವರ್ ಕೈ ನಿಲ್ಲಿಸಿ ಕೆಳಗೆ ನೋಡಿದ. "ಅಂದರ್ ಔರತ್ ಬೈಠೀ ಹೈ ಸಾಬ್."

"ಡಾಲೋ," ಎಂದ ಮ್ಯಾನೇಜರ್. "ಮಿಟ್ಟೀ ಗಿರೇಗೀ ತೋ ಖುದ್ ಉಠೇಗೀ." ಮಣ್ಣು ಬಿದ್ದರೆ ತಾನಾಗಿ ಏಳುತ್ತಾಳೆಂಬುದು ಅವನ ಲೆಕ್ಕ.

ಮಣ್ಣು ಬಿತ್ತು. ಬಂಡೆಮ್ಮನ ಮಡಿಲು, ಮೊಣಕಾಲು ಮುಚ್ಚಿಹೋದವು. ಹಗ್ಗದ ಆಚೆ ಗುರುಬಾಯಿ, "ಅಕ್ಕಾ, ಏಳಕ್ಕಾ, ನಿನ ಕಾಲಿಗಿ ಬೀಳ್ತೀನಿ ಏಳು!" ಎಂದು ಚೀರುತ್ತಿದ್ದಳು. ಇಬ್ಬರು ವಾಚ್‌ಮನ್‌ಗಳು ಅವಳ ರೆಟ್ಟೆ ಹಿಡಿದಿದ್ದರು. ಹೊಸ ಗುಂಡಿಯ ಹತ್ತಿರ ಆಚಾರಿ ಮಂತ್ರ ಶುರುಮಾಡಿದ. ಸಿದ್ದರಾಮಪ್ಪ ಕೈಮುಗಿದುಕೊಂಡು ಆ ಕಡೆಗೆ ಮುಖ ಮಾಡಿ ನಿಂತ.

ಬಂಡೆಮ್ಮ ಕಣ್ಣೊಳಗೆ ಬಿದ್ದ ಮಣ್ಣನ್ನು ಸೆರಗಿನ ತುದಿಯಿಂದ ಒರೆಸಿಕೊಂಡಳು. ಮೇಲೆ ಆಕಾಶ ಚೌಕಾಗಿ ಕಾಣುತ್ತಿತ್ತು. ಜೆಸಿಬಿಯ ಬುಟ್ಟಿ ತುಂಬಿಕೊಂಡು ಮತ್ತೆ ಅವಳ ಕಡೆಗೆ ತಿರುಗುತ್ತಿತ್ತು.